ಹದಿನಾಲ್ಕನೇ ತಾರೀಕಿನ ವಚನ

ಸಿರುಗುಪ್ಪ
ತಾ. 9-9-2024

‘ನಸುಕಿನ ಬುತ್ತಿ’ಯ ಬ್ರದರ್ ಅಂಜಿನೇಯ ಅವರಿಗೆ, ಸಿರುಗುಪ್ಪದ ವಿರೂಪಮ್ಮ ಕರ್ತನ ನಾಮದಲ್ಲಿ ಮಾಡುವ ವಂದನೆಗಳು.

ನೀವು ನನ್ನನ್ನು ಕಂಡಿಲ್ಲ, ನಾನು ನಿಮ್ಮನ್ನು ಕಂಡಿಲ್ಲ. ಆದರೆ ಒಂದು ವರ್ಷ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ದಿನಾ ಮೊದಲು ಮಾತಾಡುವವರು ನೀವೇ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಸೊಸೆ ಜ್ಯೋತಿಲಕ್ಷ್ಮಿಯ ಫೋನಿಗೆ ನಿಮ್ಮ ಧ್ವನಿ ಬರುತ್ತದೆ. ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಡುತ್ತಾಳೆ. ಅವಳಿಗೆ ಇದೆಲ್ಲ ಅಷ್ಟಕ್ಕಷ್ಟೆ. "ಅತ್ತಿ, ನಿಮ್ಮ ಬಳ್ಳಾರಿ ತಮ್ಮ ಬಂದ ನೋಡ್ರಿ" ಎಂದು ನಗುತ್ತಾಳೆ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತೇನೆ. "ನಸುಕಿನ ನಾಲ್ಕಕ್ಕೆ ಮೊಣಕಾಲೂರಿದಾಗ ಕರ್ತನು ಈ ದಿನಕ್ಕೆಂದು ಕೊಟ್ಟ ಮಾತು" ಎಂದು ನೀವು ಶುರು ಮಾಡುತ್ತೀರಲ್ಲ, ಅಲ್ಲಿಗೇ ನನ್ನ ಅರ್ಧ ಭಾರ ಇಳಿಯುತ್ತದೆ. ನನಗಾಗಿ ಬಳ್ಳಾರಿಯಲ್ಲಿ ಒಬ್ಬರು ನಾಲ್ಕಕ್ಕೇ ಎದ್ದಿದ್ದಾರೆ ಎಂದು.

ಆಗಸ್ಟ್ 27ಕ್ಕೆ ನಿಮಗೆ ನೆಗಡಿಯಾಗಿತ್ತು. 28ಕ್ಕೆ ಪೂರ್ತಿ ವಾಸಿ. 29ಕ್ಕೆ ಮತ್ತೆ ಮೂಗು ಕಟ್ಟಿತ್ತು. ಹೀಗೆ ಒಂದು ದಿನ ಬಿಟ್ಟು ಒಂದು ದಿನ ಬರುವ ನೆಗಡಿ ನಾನು ಎಲ್ಲೂ ಕೇಳಿಲ್ಲ. ಎದೆಯಲ್ಲಿ ಕಫ ಕೂತಿರಬೇಕು. ಇದರ ಜೊತೆ ಒಣಶುಂಠಿ ಕಳಿಸಿದ್ದೇನೆ. ಬೆಲ್ಲ ಹಾಕಿ ಕುದಿಸಿ ಕುಡಿಯಿರಿ. ಪ್ರಾರ್ಥನೆಗೆ ಕೂರುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿರಿ.

ಫೋನು ಸೊಸೆಯದು, ಅದರಲ್ಲಿ ಮಾತಾಡಿದರೆ ಮನೆಗೆಲ್ಲ ಕೇಳುತ್ತದೆ. ಏಳನೆಯ ತನಕ ಕಲಿತಿದ್ದೇನೆ, ಅದಕ್ಕೇ ನೀವು ಕೊನೆಗೆ ಹೇಳುವ ವಿಳಾಸಕ್ಕೆ ಈ ಕಾಗದ. ನನ್ನ ಮೈಯಲ್ಲಿ ಒಂದು ತೊಂದರೆ ಇದೆ. ಇನ್ನೊಮ್ಮೆ ಬರೆಯುತ್ತೇನೆ.

ವಿರೂಪಮ್ಮ


ಪಾರ್ವತಿನಗರ, ಬಳ್ಳಾರಿ
ತಾ. 21-9-2024

ಪ್ರಿಯ ಸಿಸ್ಟರ್ ವಿರೂಪಮ್ಮ ಅವರಿಗೆ,

ನಿಮ್ಮ ಶುಂಠಿ ತಲುಪಿತು. ಎರಡು ದಿನ ಕಷಾಯ ಕುಡಿದೆ, ನೆಗಡಿ ಊರು ಬಿಟ್ಟು ಹೋಯಿತು. ದೇವರಿಗೆ ಸ್ತೋತ್ರ.

ನಾನು ಮೂಲತಃ ಕುರುಗೋಡಿನವನು. ಹನುಮಪ್ಪನ ಹೆಸರಿಟ್ಟುಕೊಂಡು ಯೇಸುವಿನ ಮಾತು ಹೇಳುತ್ತೀಯಲ್ಲ ಎಂದು ಜನ ನಗುತ್ತಾರೆ. ಹೆಸರು ಅವ್ವ ಇಟ್ಟದ್ದು, ಮಾತು ದೇವರು ಕೊಟ್ಟದ್ದು, ಎರಡನ್ನೂ ವಾಪಸು ಮಾಡುವ ಹಾಗಿಲ್ಲ ಎನ್ನುತ್ತೇನೆ. ಹದಿನಾರನೇ ವಯಸ್ಸಿಗೆ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ನಿಂತೆ. ಈಗ ಕಂಟೋನ್ಮೆಂಟ್ ಕಡೆ ನನ್ನದೇ ಯೂನಿಟ್ಟು, ಹದಿನೆಂಟು ಮಿಷಿನ್ನು. ಸಾಲಿ ಕಲಿತದ್ದು ಕಡಿಮೆ, ಬಾಯಿ ಮಾತ್ರ ಹುಟ್ಟಿನಿಂದಲೇ ಚುರುಕು. ಆ ಬಾಯಿಯನ್ನು ಕರ್ತನ ಕೆಲಸಕ್ಕೆ ಹಚ್ಚಿದ್ದೇನೆ.

ಶುರು ಮಾಡಿದಾಗ ಕೇಳುವವರು 34 ಜನ. ಈಗ 1,140. ಬಂದ ಸಾಕ್ಷಿಗಳು 212. ಕೆಲಸ ಸಿಕ್ಕವರು 41, ಮುರಿದ ಸಂಬಂಧ ಕೂಡಿದವರು 26, ಕುಡಿತ ಬಿಟ್ಟವರು 19. (ಇವರಲ್ಲಿ ಆರು ಜನ ಮತ್ತೆ ಹಿಡಿದಿದ್ದಾರೆ, ಅವರನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.) ನಾನು ಎಲ್ಲವನ್ನೂ ಬರೆದಿಡುವ ಮನುಷ್ಯ.

ನಾಲ್ಕು ಗಂಟೆಯ ಪ್ರಾರ್ಥನೆ ಒಂದು ದಿನವೂ ತಪ್ಪಿಲ್ಲ. ನಿಮ್ಮ ಹೆಸರನ್ನೂ ಸೇರಿಸಿದ್ದೇನೆ. ದೇವರು ನಿಮಗೆ ಮಾಡಿದ ಉಪಕಾರವನ್ನು ನೀವೂ ಸಾಕ್ಷಿಯಾಗಿ ಒಂದು ಪುಟ ಮೀರದಂತೆ ಬರೆದು ಕಳಿಸಿದರೆ ಎಲ್ಲರಿಗೂ ಓದುತ್ತೇನೆ.

ಕರ್ತನ ಸೇವೆಯಲ್ಲಿ,
ಬ್ರದರ್ ಅಂಜಿನೇಯ


ಸಿರುಗುಪ್ಪ
ತಾ. 3-10-2024

ಬ್ರದರ್ ಅವರಿಗೆ ವಂದನೆಗಳು.

ನನ್ನ ಹೆಸರನ್ನು ನಾಲ್ಕು ಗಂಟೆಯ ಪ್ರಾರ್ಥನೆಗೆ ಸೇರಿಸಿದ್ದೀರೆಂದು ಓದಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಎಡಗಡೆಗೆ ಒಂದು ಗಂಟು ಎದ್ದಿದೆ. ಎಲ್ಲಿ ಎಂದು ಬರೆಯಲು ಕೈ ಬರುತ್ತಿಲ್ಲ, ನೀವು ಗಂಡಸರು. ಕೂಸಿಗೆ ಹಾಲುಣಿಸುವ ಜಾಗ ಎಂದರೆ ತಿಳಿದೀತು. ಹುಣಸೆ ಬೀಜದಷ್ಟಿದೆ, ನೋವಿಲ್ಲ. ಆಶಾ ಕಾರ್ಯಕರ್ತೆ ಅಂಬಮ್ಮ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಮನೆಯಲ್ಲಿ ಕಣ್ಣು ತೋರಿಸಲು ಎಂದು ಹೇಳಿದ್ದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನನ್ನ ಕೈ ಹಿಡಿದುಕೊಂಡೇ ಮಾತಾಡಿದಳು. "ಸಣ್ಣದಿದ್ದಾಗ್ಲೇ ಬಂದೀರಿ, ಚಲೋ ಆತು ನೋಡ್ರಿ. ಹದಿನಾಕನೇ ತಾರೀಕು ಸೋಮವಾರ ಬರ್ರಿ, ಒಂದು ತುಣುಕು ತಗದು ಪರೀಕ್ಷಿಗೆ ಕಳಸೋಣು. ಏನೇ ಆಗ್ಲಿ ಆ ದಿನ ತಪ್ಪಿಸ್ಬ್ಯಾಡ್ರಿ" ಎಂದಳು.

ನನಗೆ ಒಂದು ಕಡೆ ಹೋಗು ಅನ್ನಿಸುತ್ತದೆ, ಒಂದು ಕಡೆ ಕಾಲು ಏಳುವುದಿಲ್ಲ. ಅದಕ್ಕೆ ದೇವರೇ ಹೇಳಲಿ ಎಂದು ನಿಶ್ಚಯಿಸಿದ್ದೇನೆ. ಹದಿನಾಲ್ಕರ ನಸುಕಿನಲ್ಲಿ ನೀವು ಮೊಣಕಾಲೂರಿದಾಗ ನನ್ನ ಸಲುವಾಗಿ ಕೇಳಿರಿ. ಆರಕ್ಕೆ ನಿಮ್ಮ ವಚನ ಬರುತ್ತದೆ, ಆರೂ ಮುಕ್ಕಾಲಿಗೆ ಬಸ್ಸು. ಚೀಲ ಕಟ್ಟಿಕೊಂಡು ಕೂತಿರುತ್ತೇನೆ. ಹೋಗು ಎಂದು ಬಂದರೆ ಹೋಗುತ್ತೇನೆ, ಇರು ಎಂದು ಬಂದರೆ ಇರುತ್ತೇನೆ.

ದಯಮಾಡಿ ಸೊಸೆಯ ಫೋನಿಗೆ ಮಾತ್ರ ಮಾಡಬೇಡಿರಿ. ಮಗ ಹಂಪೇಶನಿಗೆ ತಿಳಿದರೆ ಅಕ್ಕಿ ಮಿಲ್ಲಿನ ಕೆಲಸ ಬಿಟ್ಟು ನನ್ನ ಮುಂದೆ ಕೂತುಬಿಡುತ್ತಾನೆ. ಅವರಪ್ಪ ಮಲ್ಲಯ್ಯ ತೀರಿಕೊಂಡ ಮೇಲೆ ಅವನಿಗೆ ಆಸ್ಪತ್ರೆ ಎಂದರೆ ಆಗದು.

ನಿಮ್ಮ ಸಹೋದರಿ,
ವಿರೂಪಮ್ಮ


ಸಿರುಗುಪ್ಪ
ತಾ. 14-10-2024, ಮಧ್ಯಾಹ್ನ

ಬ್ರದರ್,

ಕೇಳಿದಿರಿ. ಕೊಟ್ಟನು.

ಆರಕ್ಕೆ ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೀವು ಓದಿದಿರಿ: "ಯೆಹೋವನೇ ನಿಮಗೋಸ್ಕರ ಯುದ್ಧಮಾಡುವನು, ನೀವಂತೂ ಸುಮ್ಮನೇ ಇರ್ರಿ." ವಿಮೋಚನಕಾಂಡ, ಹದಿನಾಲ್ಕನೇ ಅಧ್ಯಾಯ, ಹದಿನಾಲ್ಕನೇ ವಚನ. ಇವತ್ತು ತಾರೀಕು ಹದಿನಾಲ್ಕು. ಇನ್ನು ಯಾವ ಗುರುತು ಬೇಕು? ಸೀರೆ, ಟವೆಲ್ಲು, ಲೋಟ ಎಲ್ಲ ತೆಗೆದು ಗೂಡಿನಲ್ಲಿಟ್ಟೆ. "ಅತ್ತಿ, ಬಸ್ಸು ಹೋತಲ್ರಿ, ಕಣ್ಣು ತೋರ್ಸಾಕ ಹೋಗಂಗಿಲ್ಲೇನು?" ಎಂದಳು ಜ್ಯೋತಿ. "ಕಣ್ಣು ಚಲೋ ಆಗ್ಯಾವ" ಎಂದೆ. ಮನಸ್ಸಿಗೆ ಎಷ್ಟೋ ದಿನದ ಮೇಲೆ ಸಮಾಧಾನವಾಗಿದೆ. ಇದನ್ನು ಸಾಕ್ಷಿ ಎಂದು ಇಟ್ಟುಕೊಳ್ಳಿರಿ.

ವಿರೂಪಮ್ಮ


ಪಾರ್ವತಿನಗರ, ಬಳ್ಳಾರಿ
ತಾ. 29-10-2024

ಪ್ರಿಯ ಸಿಸ್ಟರ್,

ದಸರಾ ಮುಗಿಯಿತು ಎನ್ನುವುದರೊಳಗೆ ದೀಪಾವಳಿಯ ಆರ್ಡರುಗಳು. ಯೂನಿಟ್ಟಿನಲ್ಲಿ ಉಸಿರಾಡಲು ಸಮಯವಿಲ್ಲ. ನಿಮ್ಮ ಸಣ್ಣ ಕಾಗದವನ್ನು ಓದಿದೆ. ಚಿಂತೆಯಿಂದ ಊರೂರು ಅಲೆಯಬೇಕಾಗಿದ್ದ ಸಹೋದರಿಗೆ ಕರ್ತನು ಮನೆಯಲ್ಲೇ ಸಮಾಧಾನ ಕೊಟ್ಟನು, ಅದೂ ತಾರೀಕಿಗೆ ತಾರೀಕು, ವಚನಕ್ಕೆ ವಚನ ಕೂಡಿಸಿ! ಇಂಥ ಸಾಕ್ಷಿ ಇನ್ನೂರ ಹನ್ನೆರಡರಲ್ಲಿ ಒಂದೂ ಇರಲಿಲ್ಲ. ನಿಮ್ಮದು ಇನ್ನೂರ ಹದಿಮೂರನೆಯದು.

ನವೆಂಬರ್ 3ರ ಭಾನುವಾರ ಇದನ್ನೇ ಓದುತ್ತೇನೆ. ಹೆಸರು ಹೇಳುವುದಿಲ್ಲ, ‘ಸಿರುಗುಪ್ಪದ ಒಬ್ಬ ಸಹೋದರಿ’ ಎನ್ನುತ್ತೇನೆ. ಕ್ರಿಸ್ಮಸ್ಸಿಗೆ ಇನ್ನೂ ಸ್ವಲ್ಪ ವಿವರವಾಗಿ ಬರೆದುಕೊಡಿರಿ.

ಬ್ರದರ್ ಅಂಜಿನೇಯ


ಸಿರುಗುಪ್ಪ
ತಾ. 21-11-2024

ಬ್ರದರ್ ಅವರಿಗೆ,

ನನ್ನ ಸಾಕ್ಷಿಯನ್ನು ನೀವು ಓದಿದ್ದನ್ನು ಒಲೆಯ ಮುಂದೆ ಕೂತು ಕೇಳಿದೆ. ಜ್ಯೋತಿಯೂ ಕೇಳಿದಳು. "ಸಿರುಗುಪ್ಪದಾಗ ಯಾರೋ ಪುಣ್ಯವಂತಿ ಅದಾಳ ನೋಡ್ರಿ ಅತ್ತಿ" ಎಂದಳು. ನಾನು ರೊಟ್ಟಿ ಸುಟ್ಟೆ.

ನಿಮ್ಮನ್ನು ಒಂದು ಮಾತು ಕೇಳಬೇಕು. ಸುಮ್ಮನೆ ಇರಬೇಕಾದದ್ದು ಎಷ್ಟು ದಿನ? ಅಂದಿನಿಂದ ದಿನಾ ಆರಕ್ಕೆ, ಇವತ್ತು ಹೋಗು ಎಂದು ಬಂದೀತೇನೋ ಎಂದು ಕೇಳುತ್ತಿದ್ದೇನೆ. ಕಾಳಿನ ಹಗೇವು ತುಂಬುವ ವಚನ, ದ್ರಾಕ್ಷೆಯ ಬಳ್ಳಿಯದು, ಹದ್ದಿನ ರೆಕ್ಕೆಯದು ಬಂದವು. ಹೋಗು ಎಂದು ಬರಲಿಲ್ಲ. ಅಕ್ಟೋಬರ್ ಮೂರರ ಕಾಗದದಲ್ಲಿ ನಾನು ಬರೆದ ಆ ಗಂಟು ಆಗ ಹುಣಸೆ ಬೀಜದಷ್ಟಿತ್ತಲ್ಲ, ಈಗ ನಿಂಬೆಕಾಯಿಯಷ್ಟಾಗಿದೆ. ಎಡಗೈಯಲ್ಲಿ ಕೊಡ ಎತ್ತಲು ಆಗುವುದಿಲ್ಲ. ಬರೆಯುವುದು ಬಲಗೈಯಾದ್ದರಿಂದ ಕಾಗದಕ್ಕೇನೂ ಅಡ್ಡಿಯಿಲ್ಲ.

ಅಂಬಮ್ಮ ಎದುರಿಗೆ ಬಂದರೆ ಓಣಿ ಬದಲಿಸುತ್ತೇನೆ. "ದೇವ್ರು ಬ್ಯಾಡ ಅಂದಾನ" ಎಂದು ಅವಳಿಗೆ ಹೇಳಿದ್ದೆ. "ಯಾವ ದೇವ್ರಬೇ ಅಂವ, ನಂಬರ್ ಕೊಡು, ನಾ ಮಾತಾಡ್ತೀನಿ" ಎಂದಳು.

ನಿಮ್ಮ ನಾಲ್ಕು ಗಂಟೆಯ ಪ್ರಾರ್ಥನೆಯಲ್ಲಿ ಇನ್ನೊಮ್ಮೆ ಕೇಳಿರಿ.

ವಿರೂಪಮ್ಮ


ಪಾರ್ವತಿನಗರ, ಬಳ್ಳಾರಿ
ತಾ. 2-12-2024, ಸೋಮವಾರ

ವಿರೂಪಮ್ಮನವರಿಗೆ,

ಈ ಕಾಗದ ಕೈಗೆ ಬಂದ ಕೂಡಲೇ ಆಸ್ಪತ್ರೆಗೆ ಹೊರಡಿರಿ. ಮಿಕ್ಕದ್ದನ್ನು ಆಮೇಲೆ ಓದಿದರೂ ಆಗುತ್ತದೆ, ಓದದಿದ್ದರೂ ಆಗುತ್ತದೆ.

ನಿನ್ನೆ ಭಾನುವಾರ ಮಧ್ಯಾಹ್ನ ನಿಮ್ಮ ನವೆಂಬರ್ ಕಾಗದವನ್ನು ಒಡೆದೆ. ‘ಅಕ್ಟೋಬರ್ ಮೂರರ ಕಾಗದ’ ಎಂದಿದ್ದೀರಿ. ಅಂಥ ಕಾಗದ ನಾನು ಓದಿದ ನೆನಪೇ ಇರಲಿಲ್ಲ. ದಾರದ ಉಂಡೆಗಳು ಬರುವ ರಟ್ಟಿನ ಡಬ್ಬಿಯಲ್ಲಿ ಕಾಗದಗಳನ್ನು ಹಾಕಿಡುತ್ತೇನೆ. ಹುಡುಕಿದೆ. ಸಿಕ್ಕಿತು. ಅಂಟು ಬಿಚ್ಚಿರಲಿಲ್ಲ. ಅದರ ಮೇಲೆ ಬಿದ್ದಿದ್ದ ನಿಮ್ಮ ಹದಿನಾಲ್ಕರ ಸಣ್ಣ ಕಾಗದವನ್ನು ಮಾತ್ರ ತೆಗೆದು ಓದಿದ್ದೆ. ‘ಕಣ್ಣು ತೋರಿಸಲು’ ಎಂದಿತ್ತು, ಕನ್ನಡಕದ ವಿಷಯವೆಂದುಕೊಂಡೆ. ನಿಜವಾಗಿ ಹೇಳಬೇಕೆಂದರೆ ಅಷ್ಟನ್ನೂ ಅಂದುಕೊಳ್ಳಲಿಲ್ಲ. ಚೆನ್ನಾಗಿ ಓದಿಸಿಕೊಳ್ಳುವ ಸಾಕ್ಷಿ ಎಂದಷ್ಟೇ ಅಂದುಕೊಂಡೆ.

ಇನ್ನು ನಾಚಿಕೆಯ ಮಾತು. ನಾನು ನಾಲ್ಕಕ್ಕೆ ಏಳುವುದಿಲ್ಲ. ಏಳುವುದು ಏಳಕ್ಕೆ, ನನ್ನ ಧ್ವನಿ ನಿಮ್ಮ ಮನೆಗೆ ಬಂದು ಒಂದು ಗಂಟೆಯಾದ ಮೇಲೆ. ಫೋನಿನಲ್ಲಿ ಒಂದು ಸೌಲಭ್ಯವಿದೆ. ತಾರೀಕು, ಗಂಟೆ ಹಾಕಿ ತುಂಬಿಟ್ಟರೆ ತಾನಾಗಿ ಹೋಗುತ್ತದೆ. ತಿಂಗಳ ಕೊನೆಯ ಭಾನುವಾರ ಊಟ ಮುಗಿಸಿ, ಬಾಗಿಲು ಹಾಕಿಕೊಂಡು, ಮೂವತ್ತು ದಿನದ್ದನ್ನೂ ಒಂದೇ ಕೂತಿಗೆ ಹೇಳಿ ಮುಗಿಸುತ್ತೇನೆ. ಯೂನಿಟ್ಟಿನಲ್ಲಿ ಒಂದೇ ಅಳತೆಯ ಪ್ಯಾಂಟುಗಳನ್ನು ಕತ್ತರಿಸುವುದಿಲ್ಲವೇ, ಬಟ್ಟೆಯ ಮೇಲೆ ಬಟ್ಟೆ ಪೇರಿಸಿ ಒಂದೇ ಏಟಿಗೆ? ಹಾಗೆ. ಆಗಸ್ಟ್‌ನಲ್ಲಿ ಅದಕ್ಕೂ ಬೇಸರವಾಗಿ ಹಿಂದಿನ ಜನವರಿಯ ಹಳೆಯದನ್ನು ಮಧ್ಯೆ ಮಧ್ಯೆ ಸೇರಿಸಿದೆ. ನೀವು ಕೇಳಿದ್ದು ಆ ಜನವರಿಯ ನೆಗಡಿ. ನಿಮ್ಮ ಶುಂಠಿಯನ್ನು ನಾನು ಕುಡಿಯಲಿಲ್ಲ. ಅದು ಮನೆಯ ಚಹಾಕ್ಕೆ ಹೋಯಿತು.

ಅಕ್ಟೋಬರಿನಲ್ಲಿ ಆರ್ಡರಿನ ಗಡಿಬಿಡಿ. ವಚನ ಹುಡುಕುವ ಪುರುಸೊತ್ತೂ ಇರಲಿಲ್ಲ. ಅದಕ್ಕೊಂದು ಉಪಾಯ ಮಾಡಿಕೊಂಡೆ: ಎಷ್ಟನೇ ತಾರೀಕೋ ಅಷ್ಟನೇ ಅಧ್ಯಾಯ, ಅಷ್ಟನೇ ವಚನ. ಯಾವ ಪುಸ್ತಕದಲ್ಲಿ ಕಿವಿಗೆ ಇಂಪಾಗಿದೆಯೋ ಅದನ್ನು ಎತ್ತಿಕೊಳ್ಳುವುದು. ಹದಿನಾಲ್ಕಕ್ಕೆ ಹದಿನಾಲ್ಕು. ನೀವು ದೇವರ ಗುರುತು ಎಂದದ್ದು ಅದು. ಸೆಪ್ಟೆಂಬರ್ 29ರಂದು ಹೇಳಿಟ್ಟದ್ದು, ನೀವು ನಿಮ್ಮ ಕಾಗದ ಬರೆಯುವುದಕ್ಕೆ ನಾಲ್ಕು ದಿನ ಮುಂಚೆ. ಆ ಭಾನುವಾರ ನಿಮ್ಮ ಹೆಸರೂ ನನಗೆ ನೆನಪಿರಲಿಲ್ಲ.

ನಿನ್ನೆ ಬೈಬಲ್ ತೆರೆದು ಆ ಜಾಗವನ್ನು ನೋಡಿದೆ. ಹದಿನಾಲ್ಕನೇ ವಚನದ ಕೆಳಗೆ ಹದಿನೈದು ಇರುತ್ತದಲ್ಲ. ಅದರಲ್ಲಿ ದೇವರು ಮೋಶೆಗೆ ಹೇಳುತ್ತಾನೆ, ನನಗೇಕೆ ಮೊರೆಯಿಡುತ್ತೀ, ಮುಂದಕ್ಕೆ ಹೊರಡಿರಿ ಎಂದು ಜನರಿಗೆ ಹೇಳು ಎಂದು. ಮುಂದಕ್ಕೆ ಹೊರಡಿರಿ. ಅದೇ ಪುಟ, ಅದರ ಕೆಳಗಿನ ಸಾಲು. ತಾರೀಕು ಹದಿನೈದಲ್ಲ ಎಂದು ನಾನು ಅಲ್ಲಿಗೆ ಕತ್ತರಿಸಿದ್ದೆ. ದಾರ ಕತ್ತರಿಸುವ ಕೈ ಇದು, ಎಲ್ಲಿ ಬೇಕಾದರೂ ಕತ್ತರಿಸುತ್ತದೆ.

ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಕುರುಗೋಡಿಗೆ ಹೋಗಿ ಅವ್ವನ ಮುಂದೆ ಹೇಳಿದೆ. ಅವ್ವ ಗಿಡ್ಡಮ್ಮ ಇನ್ನೂ ದೊಡ್ಡ ಬಸವಣ್ಣನಿಗೆ ನಡೆದುಕೊಳ್ಳುವವಳು, ನನ್ನ ದೇವರ ವಿಷಯಕ್ಕೆ ಬಾಯಿ ಹಾಕಿದವಳಲ್ಲ. ಪೂರ್ತಿ ಕೇಳಿದಳು. ಕೇಳಿ, "ನಾವೂ ಗುಡಿಯಾಗ ಹೂವು ಕೇಳ್ತೀವಲ್ಲಪಾ. ಬಲಕ್ಕ ಬಿದ್ರ ಹೋಗು, ಎಡಕ್ಕ ಬಿದ್ರ ಬ್ಯಾಡ. ಆದ್ರ ನಮ್ಮ ಪೂಜಾರಿ ಹೂವನ್ನ ಹಿಂದಿನ ತಿಂಗಳ ಕೆಡವಿ ಇಟ್ಟಿರಂಗಿಲ್ಲಲೇ" ಎಂದಳು. ಆಮೇಲೆ ಊಟಕ್ಕೆ ಕರೆಯಲಿಲ್ಲ. ನಲವತ್ತೇಳು ವರ್ಷದಲ್ಲಿ ಅವ್ವ ಊಟಕ್ಕೆ ಕರೆಯದ ದಿನ ನನಗೆ ನೆನಪಿಲ್ಲ.

ನಿಮ್ಮ ಸೊಸೆಯ ನಂಬರು 1,140ರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ. ಹೆಸರುಗಳನ್ನು ಬರೆದುಕೊಂಡಿಲ್ಲ, ಎಷ್ಟು ಜನ ಎಂದಷ್ಟೇ ಬರೆದಿದ್ದೇನೆ. ಗೊತ್ತಿದ್ದರೂ ಬೇಡ ಎಂದಿದ್ದೀರಿ. ಡಿಸೆಂಬರಿಗೆ ತುಂಬಿಟ್ಟದ್ದನ್ನೆಲ್ಲ ಅಳಿಸಿದ್ದೇನೆ. ಕ್ಷಮಿಸಿರಿ ಎಂದು ಕೇಳುವ ಬಾಯಿ ಇಲ್ಲ. ಹೋಗಿರಿ ಎಂದು ಮಾತ್ರ ಕೇಳುತ್ತೇನೆ. ಇದು ವಚನವಲ್ಲ, ನನ್ನ ಮಾತು.

ಅಂಜಿನೇಯ


ಸಿರುಗುಪ್ಪ
ತಾ. 4-12-2024

ಅಂಜಿನೇಯ ಅವರಿಗೆ,

ನಿಮ್ಮ ಕಾಗದದ ಮೇಲೆ ‘ಬಳ್ಳಾರಿ’ ಎಂದಿದೆ. ಲಕೋಟೆಯ ಮೇಲಿನ ಅಂಚೆ ಠಸ್ಸೆ ಸಿರುಗುಪ್ಪದ್ದು. ಇಲ್ಲಿಯ ತನಕ ಬಂದಿದ್ದಿರಿ. ಸೋಮವಾರ ಮಧ್ಯಾಹ್ನ ಬಿಳಿ ಅಂಗಿಯವರೊಬ್ಬರು ನಲ್ಲಿಯ ಹತ್ತಿರ ನಿಂತು ನಮ್ಮ ಮನೆಯನ್ನು ನೋಡುತ್ತಿದ್ದರಂತೆ. "ಕರೆಂಟಿನ ಮೀಟರ್ ಓದಾಕ ಬಂದಾರೇನೋ ಅಂತ ಮಾಡಿದ್ನಿ ಅತ್ತಿ, ಹಂಗ ತಿರುಗಿ ಹೋದ್ರು" ಎಂದಳು ಜ್ಯೋತಿ. ಅಂಚೆ ಕಚೇರಿಯಿಂದ ನಮ್ಮ ಮನೆಗೆ ಒಂದು ಹಾಡು ಹಾಡಿ ಮುಗಿಸುವಷ್ಟು ದೂರ. ನೀವು ಐವತ್ತು ಕಿಲೋಮೀಟರ್ ಬಂದು ಆ ಹಾಡಿನಷ್ಟು ದೂರ ನಡೆಯಲಾರದೆ ಹೋದಿರಿ.

ನಿಮ್ಮ ಕಾಗದವನ್ನು ಜ್ಯೋತಿಯ ಕೈಗೆ ಕೊಟ್ಟು ಓದು ಎಂದೆ. ಬಾಯಿಬಿಟ್ಟು ಹೇಳಲು ನಾಚಿಕೆ, ನಿಮ್ಮ ಅಕ್ಷರವೇ ಹೇಳಲಿ ಎಂದು. ಓದಿ ಮುಗಿಸಿ ಅವಳು ನಿಮ್ಮನ್ನು ಬೈದದ್ದನ್ನು ಬರೆಯುವುದಿಲ್ಲ. ನನ್ನನ್ನೂ ಬೈದಳು. "ನನ್ನ ಫೋನು ಕೇಳಿ ಸಾಯಾಕ ನಿಂತಿದ್ರೇನ್ರಿ ಅತ್ತಿ? ಮಗ್ಗಲದಾಗ ನಾ ಕುಂತಿದ್ನಿ, ನನ್ನ ಕೇಳಾಕ ಏನಾಗಿತ್ತು ನಿಮಗ?" ಎಂದು ಅತ್ತಳು. ಹಂಪೇಶನಿಗೆ ಅವಳೇ ಹೇಳಿದಳು. ಅವನು ಹೊರಗೆ ಕಟ್ಟೆಯ ಮೇಲೆ ಕೂತು, ಸಂಜೆಗೆ ಒಳಗೆ ಬಂದು, "ಯಾವಾಗ ಹೋಗಾದಬೇ?" ಎಂದಷ್ಟೇ ಕೇಳಿದ. ನಾನು ಇಷ್ಟು ದಿನ ಹೆದರಿದ್ದು ಈ ಒಂದು ಪ್ರಶ್ನೆಗೆ.

ಈಗ ನನ್ನ ಪಾಲಿನ ನಾಚಿಕೆ. ನನ್ನ ಹತ್ತಿರ ಬೈಬಲ್ ಇಲ್ಲವೆಂದುಕೊಂಡಿರಾ? ಮಲ್ಲಯ್ಯನ ಬೈಬಲ್ ಇದೆ. ಹದಿನಾಲ್ಕನೇ ತಾರೀಕು ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುವಾಗ ಅದನ್ನು ತೆರೆದು ಆ ವಚನವನ್ನು ನಾನೇ ಓದಿದೆ. ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು. ಓದಿದೆ. ಪುಸ್ತಕ ಮುಚ್ಚಿದೆ. ಆಮೇಲೆ ಚೀಲ ಬಿಚ್ಚಿದೆ. ಆಸ್ಪತ್ರೆಯಲ್ಲಿ ರವಿಕೆ ತೆಗೆಯಬೇಕಲ್ಲ ಎಂಬ ನಾಚಿಕೆಗೆ ನನಗೆ ಇರು ಎಂಬ ಮಾತೇ ಬೇಕಾಗಿತ್ತು. ನೀವು ಹೋಗು ಎಂದಿದ್ದರೆ ಇನ್ನೊಂದು ಗುರುತು ಕೇಳುತ್ತಿದ್ದೆನೋ ಏನೋ. ದೇವರ ಮೇಲೆ ಹಾಕಿದೆ, ನಿಮ್ಮ ಮೇಲೆ ಹಾಕಿದೆ.

ಆದರೆ ನನ್ನ ಪಾಲು ಒಪ್ಪಿಕೊಂಡೆನೆಂದು ನಿಮ್ಮದು ಕಡಿಮೆಯಾಗುವುದಿಲ್ಲ. ನಿಮ್ಮನ್ನು ಕೇಳುವವರೆಲ್ಲರ ಹತ್ತಿರ ಬೈಬಲ್ ಇರುವುದಿಲ್ಲ. ನಾಲ್ಕಕ್ಕೆ ಎದ್ದವರ ಮಾತು ಎಂದು ನಂಬುತ್ತಾರೆ. ನಿನ್ನೆ ಜ್ಯೋತಿಯ ಫೋನಿಗೆ ‘ಬ್ರದರ್‌ಗೆ ಗಂಟಲು ನೋವು, ಕೆಲವು ದಿನ ಬುತ್ತಿ ಇರುವುದಿಲ್ಲ’ ಎಂದು ಬಂದಿದೆ. ಗಂಟಲಿಗೆ ಏನಾಗಿದೆ ಎಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ನನ್ನ ಸಾಕ್ಷಿಯನ್ನು ಅಷ್ಟು ಜನಕ್ಕೆ ಓದಿದಿರಿ. ಅದರ ಉಳಿದರ್ಧವನ್ನೂ ಅವರಿಗೇ ಓದಬೇಕು. ನನ್ನ ಹೆಸರು ಹಾಕಿದರೂ ಅಡ್ಡಿಯಿಲ್ಲ.

9ನೇ ತಾರೀಕು ಸೋಮವಾರ ಆರೂ ಮುಕ್ಕಾಲರ ಬಸ್ಸಿಗೆ ಬರುತ್ತೇವೆ. ನೀವು ಬಸ್ ಸ್ಟ್ಯಾಂಡಿಗೆ ಬಂದರೂ ನಾನು ಆಸ್ಪತ್ರೆಗೆ ಹೋಗುತ್ತೇನೆ, ಬಾರದಿದ್ದರೂ ಹೋಗುತ್ತೇನೆ.

ವಿರೂಪಮ್ಮ


ಪಾರ್ವತಿನಗರ, ಬಳ್ಳಾರಿ
ತಾ. 6-1-2025

ಅಕ್ಕಾ,

ಹೀಗೆ ಕರೆಯಲು ನಿಮ್ಮ ಅಪ್ಪಣೆ ಕೇಳಿಲ್ಲ. ಆಸ್ಪತ್ರೆಯಲ್ಲಿ ಬಾಯಿಗೆ ಬಂದದ್ದು ಅಲ್ಲೇ ಉಳಿದುಕೊಂಡಿತು.

ಡಿಸೆಂಬರ್ 9ಕ್ಕೆ ಬಸ್ಸಿನಿಂದ ಇಳಿದವರೇ ನೀವು ಚೀಲವನ್ನು ನನ್ನ ಕೈಗೆ ಕೊಟ್ಟಿರಿ. ಜ್ಯೋತಿ, "ಮೀಟರಿನವರು ಬಂದಾರ್ರಿ ಅತ್ತಿ" ಎಂದಳು. ಅಂದಿನಿಂದ ಆಪರೇಷನ್ ಮುಗಿದು ನೀವು ಊರಿಗೆ ವಾಪಸಾಗುವವರೆಗೆ ಹತ್ತು ಸಲ ಆಸ್ಪತ್ರೆಗೆ ಬಂದೆ. ಒಂದು ಸಲವೂ ನಿಮಗೆ ಹೇಳದ ಮಾತೊಂದಿದೆ. ಮುಚ್ಚಿಡುವ ಚಟ ಸಾಕಾಗಿದೆ, ಬರೆಯುತ್ತೇನೆ.

ಪರೀಕ್ಷೆಯ ಫಲ ಬಂದ ದಿನ ನೀವು ಒಳಗೆ ಬಟ್ಟೆ ಬದಲಿಸುತ್ತಿದ್ದಿರಿ. ಡಾಕ್ಟರಮ್ಮ ಹೊರಗೆ ಬಂದಳು.

"ನೀವು ಇವರಿಗೆ ಏನಾಗ್ಬೇಕು?"

"ತಮ್ಮ."

"ಅಕ್ಟೋಬರ್‌ದಾಗ ಬರ್ರಿ ಅಂದಿದ್ನಿ. ಆವಾಗ ಬಂದಿದ್ರ ಬರೇ ಗಂಟಷ್ಟ ತಗದು ಬಿಡಬೌದಿತ್ತು. ಈಗ ಒಂದು ಕಡಿ ಪೂರ್ತಿ ತಗೀಬೇಕು, ಕಂಕಳ ತನಕಾ ಹೋಗೇತಿ. ಯಾರು ಬ್ಯಾಡ ಅಂದ್ರು ಇವ್ರಿಗೆ?"

"ನಾನ್ರೀ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಾಲಿ ಕಲ್ತೀರೇನು?" ಎಂದಳು. ಉತ್ತರಕ್ಕೆ ಕಾಯದೆ ಹೋದಳು. ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಎದುರಿಗೆ ಕೋಟೆಯ ಗುಡ್ಡ ಕಾಣುತ್ತಿತ್ತು. ಯಾರಾದರೂ ಬಂದು ನನ್ನನ್ನು ಬೈಯಲಿ ಎಂದು ಕೂತಿದ್ದೆ. ಬಂದವರು ನೀವು. "ಊಟ ಮಾಡಿದಿರೇನು?" ಎಂದು ಕೇಳಿದಿರಿ.

ನೀವು ಹೇಳಿದ ಕೆಲಸವನ್ನು ಜನವರಿ ಒಂದರಂದು ಮಾಡಿದೆ. ಆ ದಿನ ಎಲ್ಲರೂ ಇಡೀ ವರ್ಷಕ್ಕೆಂದು ಕೊಡುವ ವಾಗ್ದಾನದ ವಚನಕ್ಕೆ ಕಾಯುತ್ತಿರುತ್ತಾರೆ. ವಾಗ್ದಾನ ಕೊಡಲಿಲ್ಲ. ಎದ್ದ ಗಂಟೆಯಿಂದ ಹಿಡಿದು ಜನವರಿಯ ನೆಗಡಿಯ ತನಕ ಒಂದೊಂದನ್ನೂ ಹೇಳಿದೆ. ನಿಮ್ಮ ಎರಡು ಕಾಗದಗಳನ್ನು ಓದಿದೆ, ಹೆಸರು ಮಾತ್ರ ಹೇಳಲಿಲ್ಲ. ಹದಿನಾಲ್ಕನ್ನೂ ಓದಿದೆ, ಹದಿನೈದನ್ನೂ ಓದಿದೆ. ನೀವು ಕೇಳಿರುತ್ತೀರಿ. ಗಂಟಲು ನೋವು ಎಂಬುದೂ ಸುಳ್ಳೆಂದು ಕೊನೆಗೆ ಸೇರಿಸಿದೆ.

ಐದು ದಿನದಲ್ಲಿ 1,140 ಹೋಗಿ 618 ಉಳಿದರು. ಫೋನು ಮಾಡಿ ಉಗಿದವರು 37. ಪಾಸ್ಟರ್ ಚಿದಾನಂದಪ್ಪನವರು ಯೂನಿಟ್ಟಿಗೇ ಬಂದು, "ದೇವ್ರ ಮುಂದ ಹೇಳ್ಕೊಳ್ಳೋದು ಬಿಟ್ಟು ಬಜಾರದಾಗ ಹೇಳಿದ್ಯಲ್ಲಪಾ, ಇನ್ನ ನಮ್ಮನ್ನ ಯಾರು ನಂಬ್ತಾರ?" ಎಂದರು. ಹದಿನೆಂಟು ಮಿಷಿನ್ನಿನವರೂ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು.

ಇವೆಲ್ಲ ತಡೆದುಕೊಳ್ಳುವ ಲೆಕ್ಕ. ತಡೆಯಲಾಗದ್ದು ಇನ್ನೊಂದು. ಒಂಬತ್ತು ಜನ, ತಾವೂ ನನ್ನ ವಚನ ಕೇಳಿ ನಿರ್ಧಾರ ಮಾಡಿದ್ದೆವೆಂದು ಹೇಳಿದರು. ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಾರೆ. ಒಬ್ಬ ತಾಯಿ ಮಗಳಿಗೆ ಬಂದ ಸಂಬಂಧಕ್ಕೆ ಬೇಡ ಎಂದಿದ್ದಾಳೆ. ಕುರುಗೋಡಿನ ಪಕ್ಕೀರಮ್ಮ, ನಮ್ಮ ಅವ್ವನ ಓಣಿಯವಳು, ತಂಗಿ ತೀರಿಕೊಂಡಾಗ ಮಣ್ಣಿಗೆ ಹೋಗಿಲ್ಲ. ಈ ಒಂಬತ್ತನ್ನು ನಾನು ಸಾಕ್ಷಿಗಳ ಪಟ್ಟಿಯಲ್ಲೇ ಬರೆದುಕೊಂಡಿದ್ದೆ. ನಿಮ್ಮದೂ ಸೇರಿ ಹತ್ತು. ಒಬ್ಬೊಬ್ಬರ ಮನೆಗೂ ಹೋಗುತ್ತಿದ್ದೇನೆ. ನಾಲ್ಕು ಆಗಿವೆ. ಮಾತ್ರೆ ಮತ್ತೆ ಶುರುವಾಗಿದೆ. ಪಕ್ಕೀರಮ್ಮನ ಮನೆಯ ಬಾಗಿಲು ತೆರೆಯಲಿಲ್ಲ.

ಉಳಿದ 618 ಜನಕ್ಕೆ ಇನ್ನು ಮಾತಾಡುವ ಮುಖವಿಲ್ಲ. ಬುತ್ತಿಯನ್ನು ನಿಲ್ಲಿಸಿದ್ದೇನೆ. ಅದೇ ಸರಿಯೆಂದು ತೋರುತ್ತದೆ. ನೀವೇನು ಹೇಳುತ್ತೀರಿ?

ಅಂಜಿನೇಯ


ಸಿರುಗುಪ್ಪ
ತಾ. 9-1-2025

ಅಂಜಿನೇಯ,

ಡಾಕ್ಟರಮ್ಮ ನಿನಗೆ ಹೇಳಿದ್ದನ್ನು ನನಗೂ ಅದೇ ದಿನ ಹೇಳಿದ್ದಳು. ನೀನು ಯಾವಾಗ ಹೇಳುತ್ತೀ ಎಂದು ನೋಡುತ್ತಿದ್ದೆ. ಮೂರು ವಾರ ತೆಗೆದುಕೊಂಡೆ ನೀನು.

ನಿಲ್ಲಿಸುವುದು ಸುಲಭ. ನಾನೂ ಎರಡು ತಿಂಗಳು ಸುಮ್ಮನಿದ್ದೆನಲ್ಲ, ಅದು ಎಷ್ಟು ಸುಲಭ ಎಂದು ನನಗೆ ಗೊತ್ತು. ಯಾವಾಗ ಏಳುತ್ತೀಯೋ ಆವಾಗ ಎದ್ದು ಹೇಳು. ಎಷ್ಟು ಗೊತ್ತೋ ಅಷ್ಟು ಹೇಳು. ವಚನ ಓದಿದರೆ ಅದರ ಹಿಂದಿನ ಸಾಲು, ಮುಂದಿನ ಸಾಲು ಎರಡನ್ನೂ ಓದು. ಕೊನೆಗೆ, ಇದನ್ನು ಕೇಳಿ ಔಷಧಿ ಬಿಡಬೇಡಿರಿ, ಮನೆಯವರನ್ನು ಕೇಳಿರಿ ಎಂದು ಸೇರಿಸು.

ಪಕ್ಕೀರಮ್ಮನ ಮನೆಗೆ ಇನ್ನೊಮ್ಮೆ ಹೋಗು. ನಲ್ಲಿಯ ಹತ್ತಿರ ನಿಲ್ಲಬೇಡ.

ವಿರೂಪಮ್ಮ


ಸಿರುಗುಪ್ಪ
ತಾ. 15-1-2025

ಅಂಜಿನೇಯ,

ನಿನ್ನೆ ಹದಿನಾಲ್ಕನೇ ತಾರೀಕು. ಆರಕ್ಕೆ ಜ್ಯೋತಿ ತಾನಾಗಿಯೇ ಫೋನನ್ನು ಡಬ್ಬಿಗೆ ಒರಗಿಸಿದಳು. ಏನೂ ಬರಲಿಲ್ಲ. ಆರೂವರೆಗೂ ಬರಲಿಲ್ಲ. "ನಿಮ್ಮ ತಮ್ಮ ಇನ್ನಾ ಮಲ್ಗ್ಯಾನ ತಗೋರಿ" ಎಂದಳು. ಏಳೂ ಇಪ್ಪತ್ತಕ್ಕೆ ನೀನು ಬಂದೆ.

ನಾಲ್ಕು ಗಂಟೆಯ ಮಾತಿಲ್ಲ, ಮೊಣಕಾಲಿನ ಮಾತಿಲ್ಲ. "ಈಗ ಎದ್ದೆ. ಇವತ್ತು ಮಂಗಳವಾರ, ಸಂಕ್ರಾಂತಿ. ಹೊರಗೆ ಚಳಿ ಇದೆ" ಎಂದು ಶುರು ಮಾಡಿದೆ. ಹಿಂದೆ ನಲ್ಲಿಯ ಸದ್ದು, ಯಾರೋ ಪಾತ್ರೆ ಇಟ್ಟ ಸದ್ದು. ಓದುವಾಗ ಎರಡು ಕಡೆ ತಡವರಿಸಿದೆ. ಮೊದಲಿನ ಧ್ವನಿ ಇರಲಿಲ್ಲ, ಒಡೆದಿತ್ತು. ಮಧ್ಯೆ ಮೂರು ಸಲ ಸೀನಿದೆ. ಆ ಸೀನನ್ನು ಅಳಿಸಬೇಕೆಂದು ನಿನಗೆ ತೋಚಲಿಲ್ಲವೋ, ತೋಚಿಯೂ ಬಿಟ್ಟೆಯೋ ಗೊತ್ತಿಲ್ಲ. ಜ್ಯೋತಿ ನಗಲಿಲ್ಲ. ರೊಟ್ಟಿಯ ಕೈಯಲ್ಲೇ ನಿಂತು ಕೊನೆಯ ತನಕ ಕೇಳಿದಳು.

20ನೇ ತಾರೀಕು ಸೋಮವಾರದಿಂದ ನನಗೆ ಸಲಾಯಿನ್ನಿನಲ್ಲಿ ಔಷಧಿ ಶುರು. ಮೂರು ವಾರಕ್ಕೊಮ್ಮೆ, ಆರು ಸಲ. ಕೂದಲು ಹೋಗುತ್ತದಂತೆ. ಮುಂದೇನಾಗುತ್ತದೆಂದು ಡಾಕ್ಟರಮ್ಮನೂ ಹೇಳುವುದಿಲ್ಲ, ನೀನೂ ಹೇಳಬೇಡ. ಬಸ್ ಸ್ಟ್ಯಾಂಡಿಗೆ ಬಾ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕೂತೆ, ಕೈ ಬರಲಿಲ್ಲ. ರಾತ್ರಿ ಎಡಗಡೆಗೆ ಹೊರಳಲು ಹೋಗಿ ಎಚ್ಚರವಾದಾಗ ನಿನ್ನ ಮೇಲೆ ಸಿಟ್ಟು ಬರುತ್ತದೆ. ಬೆಳಗಾದರೆ ನಿನ್ನ ಧ್ವನಿಗೆ ಕಾಯುತ್ತೇನೆ. ಎರಡೂ ನಿಜ, ಹಾಗೇ ಬರೆದಿದ್ದೇನೆ.

ಇದರ ಜೊತೆ ಒಣಶುಂಠಿ ಕಳಿಸಿದ್ದೇನೆ. ಈ ನೆಗಡಿ ಈ ವರ್ಷದ್ದೇ, ನಾನೇ ಕೇಳಿದೆ. ಚಹಾಕ್ಕೆ ಹಾಕಿಸಬೇಡ. ನೀನೇ ಕುಡಿ.

ನಿನ್ನ ಅಕ್ಕ,
ವಿರೂಪಮ್ಮ